ಹಳೆ ವೆಸ್ಟರ್ನ್ ಜೀನಿಗೆ ಚರ್ಮದ ಸಾಮಾನು: ಯಾವುದನ್ನು ಈಗಲೇ ಮಾಡಬಹುದು, ಯಾವುದಕ್ಕೆ ಕಾಯಬೇಕು

ಪ್ರಶ್ನೆ: ನಾವು ಟೆಕ್ಸಾಸ್‌ನ ಆಸ್ಟಿನ್ ಹತ್ತಿರ ಇದ್ದೇವೆ. ಹದಿಮೂರು ವರ್ಷದ ಮಗಳು ಎರಡು ವರ್ಷದಿಂದ ಕುದುರೆ ಸವಾರಿ ಕಲಿಯುತ್ತಿದ್ದಾಳೆ. ಅವಳಿಗೆಂದು ಒಂದು ಹಳೆ ವೆಸ್ಟರ್ನ್ ಜೀನು ಕೊಂಡೆವು. ಒಳಗಿನ ಮರದ ಚೌಕಟ್ಟು ಗಟ್ಟಿಯಾಗಿದೆ ಎಂದು ಗೊತ್ತಿದ್ದವರು ನೋಡಿ ಹೇಳಿದ್ದಾರೆ. ಆದರೆ ಸಾಮಾನು ಕಟ್ಟುವ ಬಾರುಗಳು ಅರ್ಧ ಕಿತ್ತುಹೋಗಿವೆ, ಪಕ್ಕದ ಪಟ್ಟಿಗಳು ಒಣಗಿವೆ. ನನಗೆ ಬೆಲ್ಟ್, ಪರ್ಸ್ ಹೊಲಿದು ಅಭ್ಯಾಸ ಇದೆ. ಮನೆಯಲ್ಲಿ 8 ಔನ್ಸ್ ದಪ್ಪದ ಚರ್ಮ ಉಳಿದಿದೆ. ಸ್ಯಾಡಲ್ ಬ್ಯಾಗ್, ಎದೆಪಟ್ಟಿ, ಬಾರು ಎಲ್ಲವನ್ನೂ ಅದರಲ್ಲೇ ಮಾಡಬಹುದೇ? ಊರಿಗೆ ಹೋದಾಗ ಅಲ್ಲಿಂದ ಚರ್ಮ ತಂದರೆ ಹೇಗೆ? ಯಾವುದರಿಂದ ಶುರು ಮಾಡಲಿ?

ಉತ್ತರ: ಮಾಡಬಹುದು. ಆದರೆ ಎಲ್ಲವನ್ನೂ ಈಗಲೇ ಅಲ್ಲ, ಎಲ್ಲವನ್ನೂ ಆ 8 ಔನ್ಸ್ ಚರ್ಮದಲ್ಲೂ ಅಲ್ಲ.

ನಾನು ಹದಿನೆಂಟು ವರ್ಷದಿಂದ ಜೀನು ರಿಪೇರಿ ಮಾಡುತ್ತಿದ್ದೇನೆ. ಬೆಲ್ಟ್ ಹೊಲಿದು ಕೈ ಪಳಗಿದವರು ಜೀನಿನ ಕೆಲಸಕ್ಕೆ ಬಂದಾಗ ಒಂದು ಕಡೆ ಎಡವುತ್ತಾರೆ. ನಾನೂ ಅಲ್ಲೇ ಎಡವಿದ್ದೆ. ಬೆಲ್ಟಿನಲ್ಲಿ ನಾವು ನೋಡುವುದು ಅಂಚು, ಬಣ್ಣ, ಹೊಲಿಗೆಯ ಅಂದ. ಅದರ ಮೇಲೆ ದೊಡ್ಡ ಭಾರವೇನೂ ಬೀಳುವುದಿಲ್ಲ. ಜೀನಿನ ಪಟ್ಟಿಯನ್ನು ಎಳೆಯುವುದು 450-500 ಕೆ.ಜಿ. ತೂಕದ ಪ್ರಾಣಿ. ಅದು ಬೆದರಿದಾಗ ಎಳೆತ ಒಮ್ಮೆಗೇ ಬೀಳುತ್ತದೆ. ಹಾಗಾಗಿ ಚರ್ಮಕ್ಕೆ ಚಾಕು ಹಾಕುವ ಮೊದಲು ಪ್ರತಿ ತುಂಡಿನ ಬಗ್ಗೆಯೂ ಕೇಳಿಕೊಳ್ಳಿ: ಇದನ್ನು ಯಾರು ಎಳೆಯುತ್ತಾರೆ? ಯಾವ ಕಡೆಗೆ ಎಳೆಯುತ್ತಾರೆ? ಇದು ಕಿತ್ತುಹೋದರೆ ಮಗಳಿಗೆ ಏನಾಗುತ್ತದೆ? ಚರ್ಮದ ದಪ್ಪ, ಜಾತಿ, ಹೊಲಿಗೆ, ಬಕಲ್ ಎಲ್ಲವನ್ನೂ ಈ ಮೂರಕ್ಕೆ ಸಿಗುವ ಉತ್ತರವೇ ತೀರ್ಮಾನಿಸುತ್ತದೆ.

ಮೊದಲು ಜೀನಿನ ಮೇಲೆ ಈಗ ಇರುವ ಪಟ್ಟಿಗಳನ್ನು ನೋಡಿ. ಎಡಗಡೆ ಮುಂದಿನ ಕಬ್ಬಿಣದ ಬಳೆಯಿಂದ ಇಳಿಬಿದ್ದಿರುವ ಉದ್ದ ಪಟ್ಟಿಯೇ ಲ್ಯಾಟಿಗೊ. ಸಾಮಾನ್ಯವಾಗಿ ಅದು ಎರಡು ಇಂಚಿನಷ್ಟು ಅಗಲ, ಆರು ಅಡಿಯಷ್ಟು ಉದ್ದ ಇರುತ್ತದೆ. ಬಲಗಡೆ ಇರುವ ಗಿಡ್ಡ, ಎರಡು ಪದರದ ಪಟ್ಟಿ ಆಫ್ ಬಿಲೆಟ್. ಇವೆರಡರ ನಡುವೆ ಕುದುರೆಯ ಹೊಟ್ಟೆಯ ಕೆಳಗೆ ಹಾದುಹೋಗುವುದು ಸಿಂಚ್, ಅಂದರೆ ಹೊಟ್ಟೆಪಟ್ಟಿ. ಜೀನು ಕುದುರೆಯ ಬೆನ್ನ ಮೇಲೆ ನಿಂತಿರುವುದೇ ಈ ಮೂರರಿಂದ. ಉಳಿದದ್ದೆಲ್ಲ ಆಮೇಲಿನ ಮಾತು.

ಲ್ಯಾಟಿಗೊವನ್ನು ಬಳೆಯ ಸುತ್ತ ಬಾಗಿರುವ ಜಾಗದಲ್ಲಿ ಬಿಡಿಸಿ, ಬೆರಳಿನ ಸುತ್ತ ನುಣುಪು ಮುಖ ಹೊರಗೆ ಬರುವಂತೆ ಮಡಿಸಿ. ಸಣ್ಣ ಗೆರೆ ಮೂಡಿದರೆ ಎಣ್ಣೆ ಕೇಳುತ್ತಿದೆ ಎಂದರ್ಥ. ಬಿರುಕು ಬಾಯಿ ಬಿಟ್ಟರೆ, ಇಲ್ಲವೇ ಕೆಂಪು ಪುಡಿ ಕೈಗೆ ಹತ್ತಿದರೆ ಆ ಪಟ್ಟಿಯ ಆಯುಸ್ಸು ಮುಗಿದಿದೆ. ಎಣ್ಣೆ ಹಾಕಿದರೆ ಮೆತ್ತಗಾಗುತ್ತದೆ, ನಿಜ. ಆದರೆ ಮುರಿದ ನಾರು ಮತ್ತೆ ಕೂಡುವುದಿಲ್ಲ. ಎಣ್ಣೆ ಕುಡಿದು ಹೊಳೆಯುವ ಸತ್ತ ಪಟ್ಟಿಯಷ್ಟು ಅಪಾಯದ್ದು ಇನ್ನೊಂದಿಲ್ಲ. ನೋಡಿದವರಿಗೆ ಅದು ಚೆನ್ನಾಗಿಯೇ ಇದೆ ಅನ್ನಿಸುತ್ತದೆ.

ನಿಮ್ಮ ಪಟ್ಟಿಗಳು ಒಣಗಿವೆ ಎಂದು ನೀವೇ ಬರೆದಿದ್ದೀರಿ. ಆದ್ದರಿಂದ ಲ್ಯಾಟಿಗೊ, ಆಫ್ ಬಿಲೆಟ್ ಎರಡನ್ನೂ ಈಗಲೇ ಹೊಸದಾಗಿ ಕೊಂಡು ಹಾಕಿ. ನೀವು ಮಾಡಬೇಡಿ. ಮಾಡುವ ಆಸೆ ಇರುತ್ತದೆ, ನನಗೆ ಗೊತ್ತು. ನೋಡಲು ಅದು ಸುಮ್ನೆ ಒಂದು ಪಟ್ಟಿ ಅಲ್ವಾ ಅನ್ನಿಸುತ್ತದೆ. ಆದರೆ ಅದಕ್ಕೆ ಬೇಕಾದ ಚರ್ಮವೇ ಬೇರೆ, ಅದನ್ನು ಆರಿಸುವ ಕಣ್ಣು ಬರಲು ಸಮಯ ಬೇಕು. ಒಂದು ವರ್ಷ ಬೇರೆ ಸಾಮಾನು ಮಾಡಿ ಕೈ ಕೂತ ಮೇಲೆ ಆ ಕೆಲಸಕ್ಕೆ ಬನ್ನಿ.

ಈಗ ಚರ್ಮದ ವಿಷಯ. ಇಲ್ಲೇ ಸ್ವಲ್ಪ ಹೊತ್ತು ನಿಲ್ಲೋಣ, ಯಾಕೆಂದರೆ ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ.

ಅಮೆರಿಕದಲ್ಲಿ ಚರ್ಮದ ದಪ್ಪವನ್ನು ಔನ್ಸ್‌ನಲ್ಲಿ ಹೇಳುತ್ತಾರೆ. ಒಂದು ಔನ್ಸ್ ಎಂದರೆ ಇಂಚಿನ 64ನೇ ಒಂದು ಭಾಗ, ಅಂದರೆ ಸುಮಾರು 0.4 ಮಿಲಿಮೀಟರ್. ನಿಮ್ಮ 8 ಔನ್ಸ್ ಚರ್ಮ 3.2 ಮಿ.ಮೀ. ಇರುತ್ತದೆ. ಜೀನಿನ ಮೈಗೆ ಬಳಸುವ ಸ್ಕರ್ಟಿಂಗ್ ಚರ್ಮ ಸಾಮಾನ್ಯವಾಗಿ 13ರಿಂದ 15 ಔನ್ಸ್, ಅಂದರೆ 5ರಿಂದ 6 ಮಿ.ಮೀ. ಅದು ತೊಗಟೆಯ ರಸದಲ್ಲಿ ಹದ ಮಾಡಿದ ದನದ ಚರ್ಮ. ಸೇಂಟ್ ಲೂಯಿಸ್‌ನ ಹರ್ಮನ್ ಓಕ್ 1881ರಿಂದ ಈ ಕೆಲಸ ಮಾಡುತ್ತಿದೆ. ಪೆನ್ಸಿಲ್ವೇನಿಯಾದ ಕರ್ವೆನ್ಸ್‌ವಿಲ್‌ನಲ್ಲಿರುವ ವಿಕೆಟ್ ಅಂಡ್ ಕ್ರೇಗ್ ಅದಕ್ಕಿಂತ ಹಳೆಯದು, 1867ರದ್ದು. ಜೀನು ಮಾಡುವವರ ಬಾಯಲ್ಲಿ ಹೆಚ್ಚು ಕೇಳುವ ಹೆಸರುಗಳು ಇವೆರಡು. ತೊಗಟೆಯಲ್ಲಿ ಹದ ಮಾಡಿದ ಚರ್ಮ ಬಿಗಿಯಾಗಿರುತ್ತದೆ, ಒದ್ದೆ ಮಾಡಿ ರೂಪ ಕೊಟ್ಟರೆ ಆ ರೂಪವನ್ನು ಹಿಡಿದುಕೊಳ್ಳುತ್ತದೆ, ಅಂಚು ಉಜ್ಜಿದರೆ ಗಾಜಿನ ಹಾಗೆ ನುಣುಪಾಗುತ್ತದೆ.

ಲ್ಯಾಟಿಗೊ ಚರ್ಮದ್ದು ಇನ್ನೊಂದು ಗುಣ. ಪಟ್ಟಿಗೂ ಚರ್ಮಕ್ಕೂ ಅದೇ ಹೆಸರು. ಅದನ್ನು ಎರಡು ಬಗೆಯಲ್ಲಿ ಹದ ಮಾಡಿ, ಬಿಸಿ ಎಣ್ಣೆ ಮತ್ತು ಮೇಣವನ್ನು ಒಳಗಿನವರೆಗೆ ಕುಡಿಸಿರುತ್ತಾರೆ. ಹಾಗಾಗಿ ಬೆವರು, ಮಳೆ ತಡೆದುಕೊಳ್ಳುತ್ತದೆ, ಮತ್ತೆ ಮತ್ತೆ ಬಗ್ಗಿದರೂ ಬಿರಿಯುವುದಿಲ್ಲ, ಗಂಟು ಹಾಕಿದರೆ ಗಂಟು ಜಾರುವುದಿಲ್ಲ. ಕಡು ಕೆಂಪು ಬಣ್ಣದ್ದಾದರೆ ಒದ್ದೆಯಾದಾಗ ಬಣ್ಣ ಬಿಡುತ್ತದೆ. ಬಿಳಿ ಪ್ಯಾಡ್ ಮೇಲೆ ಹಾಕುವ ಮೊದಲು ಇದು ನೆನಪಿರಲಿ. ಕ್ರೋಮ್ ಹದದ ಮೆತ್ತನೆ ಚರ್ಮ, ಅಂದರೆ ಸೋಫಾ ಮತ್ತು ಜಾಕೆಟ್‌ಗೆ ಬರುವಂಥದ್ದು, ಭಾರ ಹೊರುವ ಯಾವ ಪಟ್ಟಿಗೂ ಬೇಡ. ಅದು ಹಿಗ್ಗುತ್ತಲೇ ಹೋಗುತ್ತದೆ.

ದಪ್ಪಕ್ಕಿಂತಲೂ ಮುಖ್ಯವಾದ ಮಾತು ಇನ್ನೊಂದಿದೆ: ಚರ್ಮ ಪ್ರಾಣಿಯ ಯಾವ ಭಾಗದ್ದು? ಬೆನ್ನಿನ ಭಾಗದಲ್ಲಿ ನಾರು ಒತ್ತಾಗಿ ಹೆಣೆದುಕೊಂಡಿರುತ್ತದೆ. ಹೊಟ್ಟೆಯ ಕಡೆಗೆ ಹೋದಂತೆ ಸಡಿಲವಾಗುತ್ತದೆ. ಪಟ್ಟಿಯನ್ನು ಯಾವತ್ತೂ ಬೆನ್ನುಮೂಳೆಯ ಗೆರೆಗೆ ಸಮವಾಗಿ, ಬೆನ್ನಿನ ಕಡೆಯಿಂದಲೇ ಕತ್ತರಿಸಬೇಕು. ನಾನು ಮಾಡಿದ ಮೊದಲ ಎದೆಪಟ್ಟಿಯಲ್ಲಿ ಬಲಗಡೆಯ ತುಂಡು ಬೆನ್ನಿನದು, ಎಡಗಡೆಯದು ಹೊಟ್ಟೆಯ ಅಂಚಿನದು. ಚರ್ಮ ವ್ಯರ್ಥವಾಗಬಾರದು ಎಂಬ ಆಸೆಯಿಂದ ಹಾಗೆ ಮಾಡಿದ್ದೆ. ಒಂದು ಬೇಸಿಗೆ ಮುಗಿಯುವಷ್ಟರಲ್ಲಿ ಎಡಗಡೆ ಮುಕ್ಕಾಲು ಇಂಚು ಉದ್ದವಾಗಿತ್ತು. ಪಟ್ಟಿ ಓರೆಯಾಗಿ, ಕುದುರೆಯ ಒಂದು ಹೆಗಲ ಮೇಲೆ ಕೂದಲು ಉದುರಿತ್ತು. ಕುದುರೆ ಬಾಯಿ ಬಿಟ್ಟು ಹೇಳುವುದಿಲ್ಲ, ನಮ್ಮ ಉಳಿತಾಯದ ನೋವನ್ನು ಅದು ತಿನ್ನುತ್ತದೆ. ಅವತ್ತಿನಿಂದ ಹೊಟ್ಟೆಯ ಭಾಗದ ಚರ್ಮವನ್ನು ಜೀನಿನ ಕೆಲಸದ ಮೇಜಿಗೇ ತರುವುದಿಲ್ಲ.

ಆದ್ದರಿಂದ ನಿಮ್ಮ 8 ಔನ್ಸ್ ಚರ್ಮ ಯಾವ ಭಾಗದ್ದೆಂದು ಮೊದಲು ನೋಡಿ. ಎರಡೂ ಕೈಯಲ್ಲಿ ಹಿಡಿದು ಎಳೆಯಿರಿ, ಮಡಿಸಿ ನೋಡಿ. ಮಡಿಸಿದ ಒಳಬದಿಯಲ್ಲಿ ದಪ್ಪ ದಪ್ಪ ಸುಕ್ಕು ಬಿದ್ದರೆ ಸಡಿಲ ಭಾಗ. ಬಿಗಿಯಾಗಿದ್ದರೆ ಸ್ಯಾಡಲ್ ಬ್ಯಾಗಿನ ಮೈಗೆ, ಎದೆಪಟ್ಟಿಯ ಮೇಲ್ಪದರಕ್ಕೆ, ಬಾರಿನ ಬುಡದ ಬಿಲ್ಲೆಗಳಿಗೆ ಬರುತ್ತದೆ. ಬಾರಿಗೆ ಮಾತ್ರ ಬೇಡ. ಅದು ಗಂಟಿನ ಜಾಗದಲ್ಲಿ ಬಿರಿಯುತ್ತದೆ.

ಶುರು ಮಾಡಬೇಕಾದ್ದು ಮಾತ್ರ ಬಾರಿನಿಂದಲೇ.

ವೆಸ್ಟರ್ನ್ ಜೀನಿನ ಅಕ್ಕಪಕ್ಕ ಜೋತಾಡುವ ಬಾರುಗಳು ಅಂದಕ್ಕೆ ಎಂದು ತುಂಬಾ ಜನ ತಿಳಿದಿದ್ದಾರೆ. ಅವು ಕಂಬಳಿ, ಮಳೆಕೋಟು, ಚೀಲ ಕಟ್ಟಲು ಇರುವಂಥವು. ಇಲ್ಲಿ ಹುಟ್ಟಿದ ಪದ್ಧತಿಯೂ ಅಲ್ಲ. ಕುದುರೆ, ದನ, ಜೀನು ಎಲ್ಲ ಸ್ಪೇನಿನಿಂದ ಮೆಕ್ಸಿಕೊ ದಾರಿಯಾಗಿ ಬಂದವು. ವಕೇರೊ ಎಂದು ಕರೆಸಿಕೊಳ್ಳುತ್ತಿದ್ದ ಅಲ್ಲಿನ ದನಗಾಹಿಗಳು ಈ ಜೀನನ್ನು ತಿದ್ದಿ ತೀಡಿದರು. ಲ್ಯಾಟಿಗೊ, ಸಿಂಚ್, ಲ್ಯಾರಿಯಟ್ ಎಲ್ಲವೂ ಸ್ಪ್ಯಾನಿಷ್ ಮಾತಿನಿಂದ ಬಂದವೇ. ನಮ್ಮ ಜೀನು ಎಂಬ ಮಾತು ಪಾರ್ಸಿಯಿಂದ ಬಂತು. ಜೀನು ಮಾಡುತ್ತಿದ್ದವರೇ ಜೀನಗಾರರಾದರು. ಕುದುರೆ ಹೋದ ಕಡೆಗೆಲ್ಲ ಮಾತೂ ಅದರ ಜೊತೆ ಹೋಗಿದೆ, ಈ ಕಸುಬಿನಲ್ಲಿ ನನಗೆ ತುಂಬಾ ಇಷ್ಟವಾದ ಸಂಗತಿ ಅದು.

ಬಾರಿಗೆ ಲ್ಯಾಟಿಗೊ ಚರ್ಮವನ್ನೇ ತನ್ನಿ. ಅರ್ಧ ಇಂಚು ಅಗಲ, ಮೂರು ಅಡಿಗಿಂತ ಸ್ವಲ್ಪ ಜಾಸ್ತಿ ಉದ್ದ ಇರಲಿ. ಮೊದಲು ಉಕ್ಕಿನ ಪಟ್ಟಿ ಇಟ್ಟು ಚರ್ಮದ ಒಂದು ಅಂಚನ್ನು ನೇರ ಮಾಡಿಕೊಳ್ಳಿ. ಆಮೇಲೆ ಮರದ ಸ್ಟ್ರಾಪ್ ಕಟರ್‌ನಲ್ಲಿ ಎಳೆಯಿರಿ. ಕಟರ್‌ನ ಬ್ಲೇಡು ಹೊಸದಿರಲಿ. ಮೊಂಡಾದ ಬ್ಲೇಡು ಚರ್ಮವನ್ನು ಕತ್ತರಿಸುವುದಿಲ್ಲ, ಎಳೆದು ಹಿಗ್ಗಿಸುತ್ತದೆ. ಬಾರಿನ ತುದಿಯನ್ನು ಚೂಪಾಗಿ ಕೊಯ್ದರೆ ತೂತಿನಲ್ಲಿ ತೂರಿಸಲು ಸುಲಭ.

ಒಂದು ತೂತಿನಲ್ಲಿ ಎರಡು ಬಾರು ಬರುವ ಕಡೆ ಹಳಬರು ಹಾಕುವ ಗಂಟು ಹೀಗಿದೆ. ಜೀನಿಗೆ ಹತ್ತಿರದಲ್ಲಿ ಮೊದಲ ಬಾರಿನ ನಡುವೆ ಸಣ್ಣ ಸೀಳು ಮಾಡಿ ಎರಡನೆಯದನ್ನು ಅದರೊಳಗೆ ಎಳೆಯಬೇಕು. ಆಮೇಲೆ ಎರಡನೆಯದರಲ್ಲಿ ಸೀಳು ಮಾಡಿ ಮೊದಲನೆಯದನ್ನು ಎಳೆಯಬೇಕು. ಎಳೆದಷ್ಟೂ ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಮೊಳೆ ಬೇಡ, ಹೊಲಿಗೆ ಬೇಡ. ಸೀಳು ಬಾರಿನ ಅಗಲದ ಮಧ್ಯದಲ್ಲೇ ಇರಬೇಕು, ಸ್ವಲ್ಪ ಪಕ್ಕಕ್ಕೆ ಸರಿದರೂ ತೆಳು ಬದಿ ಹರಿಯುತ್ತದೆ. ಅಡಿಯಲ್ಲಿ ಕೂರುವ ದುಂಡು ಬಿಲ್ಲೆಯನ್ನು ನಿಮ್ಮ 8 ಔನ್ಸ್ ಚರ್ಮದಿಂದ ಕತ್ತರಿಸಿ. ಬಾರು ನೇರವಾಗಿ ಜೀನಿನ ಮೈ ಕೊರೆಯದಂತೆ ಅದು ತಡೆಯುತ್ತದೆ.

ಬಾರಿನ ಜೊತೆಗೇ ಇನ್ನೊಂದು ಚಿಕ್ಕ ಪಟ್ಟಿ ಮಾಡಿ. ಜೀನಿಗೆ ಹಿಂದೆ ಎರಡನೇ ಹೊಟ್ಟೆಪಟ್ಟಿ ಇದ್ದರೆ, ಮುಂದಿನ ಮತ್ತು ಹಿಂದಿನ ಪಟ್ಟಿಗಳನ್ನು ಹೊಟ್ಟೆಯ ಕೆಳಗೆ ಜೋಡಿಸುವ ಒಂದು ಸಣ್ಣ ಪಟ್ಟಿ ಬೇಕೇ ಬೇಕು. ಹಳೆ ಜೀನು ಕೊಂಡಾಗ ಅದು ಎಷ್ಟೋ ಸಲ ಇರುವುದಿಲ್ಲ. ಅದಿಲ್ಲದಿದ್ದರೆ ಹಿಂದಿನ ಪಟ್ಟಿ ಜಾರಿ ಕುದುರೆಯ ತೊಡೆಸಂದಿಗೆ ಹೋಗುತ್ತದೆ. ಶಾಂತವಾದ ಕುದುರೆಯೂ ಆಗ ಒದೆಯುತ್ತದೆ, ಎಗರುತ್ತದೆ. ಮುಕ್ಕಾಲು ಇಂಚು ಅಗಲದ ಲ್ಯಾಟಿಗೊ, ಒಂದು ಗಟ್ಟಿ ಬಕಲ್, ಒಂದು ಸಂಜೆಯ ಕೆಲಸ. ಚಿಕ್ಕದು ಎಂದು ಉದಾಸೀನ ಬೇಡ.

ಇನ್ನು ಸ್ಯಾಡಲ್ ಬ್ಯಾಗ್. ಬೆಲ್ಟ್, ಪರ್ಸ್ ಮಾಡಿದ ಕೈಗೆ ಇದು ಸರಿಯಾದ ಮುಂದಿನ ಹೆಜ್ಜೆ.

ಮಾಡುವುದಕ್ಕೂ ಮೊದಲು ಅದು ಕೂರುವ ಜಾಗ ನೋಡಿ. ಜೀನಿನ ಹಿಂದಿನ ಏರಿನ ಆಚೆ ಬ್ಯಾಗ್ ಕೂರುತ್ತದೆ. ಅಲ್ಲಿ ಕುದುರೆಯ ಪಕ್ಕೆಲುಬು ಮುಗಿದು ಸೊಂಟ ಶುರುವಾಗುತ್ತದೆ. ಸವಾರರ ತೂಕವನ್ನು ಜೀನಿನ ಚೌಕಟ್ಟು ಬೆನ್ನಿನ ಉದ್ದಕ್ಕೂ ಹಂಚುತ್ತದೆ. ಬ್ಯಾಗಿನ ತೂಕವನ್ನು ಹಂಚುವವರು ಯಾರೂ ಇಲ್ಲ, ನೇರ ಸೊಂಟದ ಮೇಲೆ ಬೀಳುತ್ತದೆ. ಹಾಗಾಗಿ ದೊಡ್ಡ ಬ್ಯಾಗ್ ಮಾಡಬೇಡಿ. ದೊಡ್ಡದು ಮಾಡಿದರೆ ತುಂಬುತ್ತೇವೆ, ಅದು ಮನುಷ್ಯರ ಸ್ವಭಾವ. ಮಳೆಕೋಟು, ಗೊರಸು ಕೆರೆಯುವ ಕೊಕ್ಕೆ, ಪ್ರಥಮ ಚಿಕಿತ್ಸೆಯ ಪೊಟ್ಟಣ, ಒಂದಿಷ್ಟು ತಿಂಡಿ ಹಿಡಿದರೆ ಸಾಕು. ನೀರಿನ ಬಾಟಲಿಯಂಥ ಭಾರದ್ದಕ್ಕೆ ಜೀನಿನ ಮುಂದಿನ ಕೊಂಬಿಗೆ ತೂಗುವ ಪುಟ್ಟ ಚೀಲ ಬೇರೆ ಮಾಡಿ. ಎರಡೂ ಬದಿಯ ತೂಕ ಅಡುಗೆಮನೆಯ ತಕ್ಕಡಿಯಲ್ಲಿ ಸಮ ಬರಬೇಕು. ಒಂದು ಕಡೆ ಭಾರ ಜಾಸ್ತಿಯಾದರೆ ಇಡೀ ಜೀನೇ ಆ ಕಡೆ ಎಳೆಯುತ್ತದೆ.

1860ರ ಏಪ್ರಿಲ್‌ನಿಂದ 1861ರ ಅಕ್ಟೋಬರ್‌ವರೆಗೆ ನಡೆದ ಪೋನಿ ಎಕ್ಸ್‌ಪ್ರೆಸ್ ಅಂಚೆಯ ಚೀಲವನ್ನು ನಾನು ಈ ವಿಷಯದಲ್ಲಿ ಪಾಠವೆಂದೇ ನೋಡುತ್ತೇನೆ. ಅದರ ಹೆಸರು ಮೊಚಿಲಾ. ಜೀನಿನ ಮೇಲೆ ಹೊದಿಸುವ ಒಂದೇ ಚರ್ಮದ ಹಾಸು, ನಾಲ್ಕು ಮೂಲೆಗೆ ನಾಲ್ಕು ಗಟ್ಟಿ ಪೆಟ್ಟಿಗೆಯಂಥ ಜೇಬು, ಕೊಂಬು ಮತ್ತು ಹಿಂದಿನ ಏರು ತೂರಲು ಕಿಂಡಿ. ಸವಾರ ಅದರ ಮೇಲೆಯೇ ಕೂರುತ್ತಿದ್ದ. ತೂಕ ನಾಲ್ಕೂ ಕಡೆ ಸಮ, ಸವಾರನ ಭಾರವೇ ಅದನ್ನು ಅಲ್ಲಾಡದಂತೆ ಒತ್ತಿ ಹಿಡಿಯುತ್ತಿತ್ತು. ಕುದುರೆ ಬದಲಿಸುವಾಗ ಎತ್ತಿ ಇನ್ನೊಂದರ ಮೇಲೆ ಹಾಕಿದರೆ ಮುಗಿಯಿತು. ಬಕಲ್ ಇಲ್ಲ, ಗಂಟಿಲ್ಲ. ಹಾಗೆಯೇ ಮಾಡಿ ಎನ್ನುತ್ತಿಲ್ಲ. ಬ್ಯಾಗ್ ಎಂದರೆ ಜೇಬು ಮಾತ್ರ ಅಲ್ಲ, ಅದು ಅಲ್ಲಾಡದೆ ಕೂರುವ ಬಗೆಯೂ ಹೌದು ಎಂಬುದಕ್ಕೆ ಹೇಳಿದೆ.

ಮೈಗೆ ನಿಮ್ಮ 8 ಔನ್ಸ್ ಚರ್ಮ ಸರಿ. ಪಕ್ಕದ ಮಡಿಕೆಯ ಪಟ್ಟಿಗೆ 4-5 ಔನ್ಸ್ ಸಾಕು, ಅದು ಬಾಗಬೇಕಲ್ಲ. ಆ ಪಟ್ಟಿಯನ್ನು ಅಳತೆಗಿಂತ ಎರಡು ಇಂಚು ಉದ್ದವೇ ಕತ್ತರಿಸಿ. ಹೊಲಿಗೆಯನ್ನು ಬ್ಯಾಗಿನ ತಳದ ಮಧ್ಯದಿಂದ ಶುರು ಮಾಡಿ ಎರಡೂ ಬದಿಗೆ ಮೇಲೆ ಬನ್ನಿ. ಒಂದು ತುದಿಯಿಂದ ಇನ್ನೊಂದು ತುದಿಗೆ ಹೊಲಿದರೆ ಚರ್ಮ ಜರುಗಿ ಬ್ಯಾಗ್ ತಿರುಚಿಕೊಳ್ಳುತ್ತದೆ. ಉಳಿದ ಉದ್ದವನ್ನು ಕೊನೆಯಲ್ಲಿ ಕತ್ತರಿಸಿ. ಕುದುರೆಯ ಮೈಗೆ ತಾಗುವ ಬದಿಯಲ್ಲಿ ನುಣುಪು ಮುಖವೇ ಇರಲಿ, ರಿವೆಟ್‌ನ ತಲೆ, ಬಕಲ್, ಗಂಟು ಯಾವುದೂ ಬರಬಾರದು.

ಕಟ್ಟುವುದು ಎರಡು ಕಡೆ. ಮಧ್ಯದ ಸೇತುವೆಯಂಥ ತುಂಡಿನಲ್ಲಿ ತೂತು ಮಾಡಿ ಜೀನಿನ ಹಿಂದಿನ ಬಾರುಗಳಿಂದ ಬಿಗಿಯಿರಿ. ಇಷ್ಟಕ್ಕೇ ಬಿಟ್ಟರೆ ಕುದುರೆ ಓಡಿದಾಗ ಬ್ಯಾಗ್ ರೆಕ್ಕೆಯ ಹಾಗೆ ಬಡಿಯುತ್ತದೆ. ಅದಕ್ಕೆ ಪ್ರತಿ ಬ್ಯಾಗಿನ ಕೆಳಗಿನ ಮುಂಭಾಗದ ಮೂಲೆಯಿಂದ ಜೀನಿನ ಹಿಂದಿನ ಬಳೆಗೆ ಒಂದು ತೆಳು ಬಾರು ಕಟ್ಟಬೇಕು. ಈ ಬಾರನ್ನು ಬೇಕೆಂದೇ ತೆಳುವಾಗಿಡಿ. ಮರದ ಕೊಂಬೆಗೆ ಬ್ಯಾಗ್ ಸಿಕ್ಕಿಕೊಂಡರೆ ಈ ಬಾರು ಹರಿದು ಬ್ಯಾಗ್ ಬಿಟ್ಟುಕೊಳ್ಳಬೇಕು, ಕುದುರೆ ಅಲ್ಲಿ ಸಿಕ್ಕಿಬೀಳಬಾರದು. ಜೀನಿನ ಮೇಲೆ ಎಂದೂ ಕೀಳಬಾರದ ಪಟ್ಟಿಗಳಿವೆ, ಸಮಯ ಬಂದಾಗ ಕಿತ್ತುಹೋಗಲೇಬೇಕಾದವೂ ಇವೆ. ಎರಡನ್ನೂ ಒಂದೇ ಗಟ್ಟಿಯಲ್ಲಿ ಮಾಡುವುದು ತಪ್ಪು.

ಎದೆಪಟ್ಟಿ ಇದಕ್ಕಿಂತ ಒಂದು ಮೆಟ್ಟಿಲು ಮೇಲೆ. ಏರು ಹತ್ತುವಾಗ ಜೀನು ಹಿಂದಕ್ಕೆ ಜಾರದಂತೆ ತಡೆಯುವುದು ಅದರ ಕೆಲಸ. ಆಸ್ಟಿನ್ ಪಕ್ಕದ ಗುಡ್ಡಗಳಲ್ಲಿ ಸವಾರಿ ಮಾಡುವುದಾದರೆ ಮಗಳಿಗೆ ಬೇಕಾಗುತ್ತದೆ. ಮಟ್ಟಸವಾದ ಅಂಕಣದಲ್ಲೇ ಕಲಿಯುವುದಾದರೆ ಅವಸರವಿಲ್ಲ. ಜೀನು ಹಾಕಿದ ಕುದುರೆಯ ಎದೆಯ ಮೇಲೆ ಹಗ್ಗ ಇಟ್ಟು ಅಳತೆ ತೆಗೆಯಿರಿ. ಪಟ್ಟಿ ಹೆಗಲ ಮೂಳೆಯ ಮೊನೆಗಿಂತ ಮೇಲೆ, ಗಂಟಲ ಕೊಳವೆಗಿಂತ ಕೆಳಗೆ ಹಾಯಬೇಕು. ಎದೆಗೂ ಪಟ್ಟಿಗೂ ನಡುವೆ ಅಂಗೈ ಆಡುವಷ್ಟು ಜಾಗ ಇರಬೇಕು. ಮೊದಲು ದಪ್ಪ ಕಂದು ಕಾಗದದಲ್ಲಿ ಆಕಾರ ಕತ್ತರಿಸಿ ಕುದುರೆಯ ಮೇಲೇ ಇಟ್ಟು ನೋಡಿ. ಎರಡು ಮೂರು ಕಾಗದ ಹಾಳಾಗಲಿ ಬಿಡಿ. ಬಾಗಿದ ಆಕಾರವನ್ನು ಬಾಗಿದಂತೆಯೇ ಕತ್ತರಿಸಬೇಕು. ನೇರ ಪಟ್ಟಿಯನ್ನು ಬಗ್ಗಿಸಿ ಕೂರಿಸಿದರೆ ಒಂದು ಅಂಚು ಕುದುರೆಯ ಮೈ ಕೊರೆಯುತ್ತದೆ.

ಮೇಲೆ 8 ಔನ್ಸ್, ಒಳಗೆ 5-6 ಔನ್ಸ್ ಮೆತ್ತನೆ ಪದರ ಅಂಟಿಸಿ, ಸುತ್ತ ಹೊಲಿದರೆ ಎರಡು ಇಂಚು ಅಗಲದ ಒಳ್ಳೆ ಎದೆಪಟ್ಟಿಯಾಗುತ್ತದೆ. ಆದರೆ ಅದನ್ನು ಜೀನಿನ ಬಳೆಗೆ ಸೇರಿಸುವ ಗಿಡ್ಡ ಪಟ್ಟಿಗಳ ಮೇಲೆಯೇ ಪೂರ್ತಿ ಎಳೆತ. ಅವನ್ನು ದಪ್ಪ ಲ್ಯಾಟಿಗೊದಲ್ಲಿ ಮಾಡಿ. ಹೂವಿನ ಕೆತ್ತನೆ ಮಾಡುವ ಆಸೆ ಇದ್ದರೆ ಇಲ್ಲೊಂದು ಎಚ್ಚರಿಕೆ. ವಯೋಮಿಂಗ್‌ನ ಶೆರಿಡನ್‌ನಲ್ಲಿ ಡಾನ್ ಕಿಂಗ್ ಬೆಳೆಸಿದ ಕೆತ್ತನೆಯ ಶೈಲಿ, ಸುತ್ತು ಬಳ್ಳಿಯೊಳಗೆ ಒತ್ತೊತ್ತಾಗಿ ಪುಟ್ಟ ಹೂಗಳು, ನೋಡಿದರೆ ಯಾರಿಗೂ ಕೈ ತುರಿಸುತ್ತದೆ. ಆದರೆ ಸ್ವಿವೆಲ್ ಚಾಕುವಿನ ಗೀರು ಚರ್ಮದ ದಪ್ಪದ ಮೂರನೇ ಒಂದು ಭಾಗ, ಕೆಲವೊಮ್ಮೆ ಅರ್ಧದವರೆಗೆ ಇಳಿಯುತ್ತದೆ. ಅಷ್ಟು ಬಲ ಹೋಯಿತು ಎಂದೇ ಲೆಕ್ಕ. ಅಗಲವಾದ ಎರಡು ಪದರದ ಜಾಗದಲ್ಲಿ ಎಷ್ಟು ಬೇಕಾದರೂ ಕೆತ್ತಿ, ಬ್ಯಾಗಿನ ಮುಚ್ಚಳದ ತುಂಬ ಕೆತ್ತಿ. ಎಳೆತದ ಗಿಡ್ಡ ಪಟ್ಟಿಗೆ ಚಾಕು ತಾಗಿಸಬೇಡಿ.

ಹೊಲಿಗೆ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳದೆ ಬಿಡಲಾರೆ. ನನ್ನ ಅಂಗಡಿಗೆ ರಿಪೇರಿಗೆ ಬರುವ ಮನೆಯಲ್ಲಿ ಮಾಡಿದ ಸಾಮಾನಿನಲ್ಲಿ ಚರ್ಮ ಹರಿದದ್ದಕ್ಕಿಂತ ಹೊಲಿಗೆಯ ಗೆರೆಯಲ್ಲೇ ಹರಿದದ್ದು ಜಾಸ್ತಿ.

ಒಂದೇ ದಾರ, ಎರಡು ತುದಿಗೆ ಎರಡು ಸೂಜಿ, ಪ್ರತಿ ತೂತಿನಲ್ಲೂ ಎರಡೂ ಸೂಜಿ ಎದುರುಬದುರು ಹಾಯಬೇಕು. ಜೀನುಗಾರರ ಹೊಲಿಗೆ ಇದೇ. ಮೆಷಿನ್ ಹೊಲಿಗೆಯಲ್ಲಿ ಮೇಲಿನ ದಾರ, ಕೆಳಗಿನ ದಾರ ನಡುವೆ ಕೊಕ್ಕೆ ಹಾಕಿಕೊಂಡಿರುತ್ತವೆ. ಒಂದು ಕಡೆ ಸವೆದು ತುಂಡಾದರೆ ಪಕ್ಕದವೂ ಒಂದೊಂದಾಗಿ ಬಿಟ್ಟುಕೊಳ್ಳುತ್ತವೆ. ಕೈ ಹೊಲಿಗೆಯಲ್ಲಿ ಒಂದು ಎಳೆ ಹೋದರೂ ಇನ್ನೊಂದು ಅದೇ ತೂತಿನಲ್ಲಿ ಹಿಡಿದುಕೊಂಡಿರುತ್ತದೆ. ನಿಮಗೆ ಬೆಲ್ಟಿನಿಂದ ಇದು ಗೊತ್ತಿರಬಹುದು. ಆದರೆ ದಪ್ಪ ಚರ್ಮದಲ್ಲಿ ಸುತ್ತಿಗೆಯಿಂದ ಹೊಡೆಯುವ ಫೋರ್ಕ್ ಮಾತ್ರ ಸಾಲದು. ಅದರಿಂದ ಗುರುತು ಮಾಡಿಕೊಂಡು, ಡೈಮಂಡ್ ಆಕಾರದ ಮೊನೆಯ ಉಳಿಯಿಂದ ಒಂದೊಂದೇ ತೂತು ಚುಚ್ಚಿ. ಉಳಿ ಚೂಪಾಗಿರಬೇಕು, ನೇರ ಹಾಯಬೇಕು, ಹಿಂಬದಿಯಲ್ಲೂ ತೂತು ಒಂದೇ ಸಾಲಿನಲ್ಲಿ ಬರಬೇಕು. ಇದು ನೂರು ತೂತಿನಲ್ಲಿ ಬರುವುದಿಲ್ಲ. ಸಾವಿರದಲ್ಲಿ ಬರುತ್ತದೆ. ಬೇಡದ ಚೂರುಗಳ ಮೇಲೆ ಅಭ್ಯಾಸ ಮಾಡಿ.

ದಾರ 0.8ರಿಂದ 1 ಮಿ.ಮೀ. ದಪ್ಪದ, ಮೇಣ ಹಿಡಿಸಿದ ಪಾಲಿಯೆಸ್ಟರ್ ಇರಲಿ. ನಾರಗಸೆಯ ಲಿನನ್ ದಾರ ಚೆಂದ, ಆದರೆ ಕುದುರೆಯ ಬೆವರಿಗೆ ಕೊಳೆಯುತ್ತದೆ. ಇಂಚಿಗೆ ಆರು ಹೊಲಿಗೆ ಸಾಕು. ಪರ್ಸಿನ ಅಭ್ಯಾಸದಲ್ಲಿ ಒಂಬತ್ತು ಹತ್ತು ಹಾಕಿದರೆ ತೂತುಗಳು ಹತ್ತಿರವಾಗಿ ಅಂಚೆಚೀಟಿ ಹರಿದಂತೆ ಹರಿಯುತ್ತದೆ. ಅದೇ ಕಾರಣಕ್ಕೆ ಪಟ್ಟಿಯ ಅಗಲಕ್ಕೆ ಅಡ್ಡವಾಗಿ ಎಂದೂ ಹೊಲಿಯಬಾರದು. ಹೊಲಿಗೆ ಅಂಚಿನ ಉದ್ದಕ್ಕೆ ಹೋಗಿ, ಕೊನೆಯಲ್ಲಿ ಬಾಗಿ ಮೊನೆಯಾಗಿ ಮುಗಿಯಲಿ. ರಿವೆಟ್ ಕೂಡ ಅಷ್ಟೇ. ಎರಡನ್ನು ಅಡ್ಡ ಸಾಲಿನಲ್ಲಿ ಇಟ್ಟರೆ ಅಲ್ಲೇ ಮುರಿಯಲು ಗೆರೆ ಎಳೆದುಕೊಟ್ಟ ಹಾಗೆ. ರಿವೆಟ್ ತಾಮ್ರದ್ದು, ಬಿಲ್ಲೆ ಹಾಕಿ ಸುತ್ತಿಗೆಯಲ್ಲಿ ಬಡಿಯುವಂಥದ್ದು ಮಾತ್ರ. ಒಳಗೆ ಟೊಳ್ಳಾಗಿರುವ, ಒತ್ತಿದರೆ ಕೂರುವ ರಿವೆಟ್ ಬ್ಯಾಗಿನ ಅಲಂಕಾರಕ್ಕೆ ಸರಿ, ಪಟ್ಟಿಗೆ ಬೇಡ.

ಬಕಲ್ ತಿರುಗುವ ಜಾಗದಲ್ಲಿ ಚರ್ಮದ ಹಿಂಬದಿ ಸ್ವಲ್ಪ ತೆಳು ಮಾಡಿ, ಆದರೆ ಮಡಿಕೆಯ ಬೆನ್ನಿನ ಮೇಲೆ ಅಲ್ಲ, ಮಡಿಸಿದ ತುದಿಯ ಕಡೆ. ಮಡಿಕೆಯಲ್ಲೇ ತೆಳು ಮಾಡಿದರೆ ಎಳೆತ ಬೀಳುವ ಜಾಗವನ್ನೇ ಸವೆಸಿದಂತೆ. ಬಕಲಿನ ನಾಲಗೆಗೆ ಮಾಡುವ ಕಿಂಡಿಯ ಎರಡೂ ತುದಿ ದುಂಡಾಗಿರಬೇಕು, ಚೂಪು ಮೂಲೆ ಇದ್ದರೆ ಹರಿಯುವುದು ಅಲ್ಲಿಂದಲೇ ಶುರುವಾಗುತ್ತದೆ.

ಬಕಲ್, ಬಳೆಗಳು ಸ್ಟೇನ್‌ಲೆಸ್ ಸ್ಟೀಲ್ ಇಲ್ಲವೇ ಗಟ್ಟಿ ಹಿತ್ತಾಳೆಯಾಗಿರಲಿ. ಕಡಿಮೆ ಬೆಲೆಯ ಸತುವಿನ ಎರಕದ ಮೇಲೆ ಹೊಳಪು ಲೇಪಿಸಿ ಮಾರುತ್ತಾರೆ. ಒಳ್ಳೆ ಲೋಹ ಭಾರ ಜಾಸ್ತಿಯಾದಾಗ ಮೊದಲು ಬಾಗುತ್ತದೆ, ನಮಗೆ ಸೂಚನೆ ಕೊಡುತ್ತದೆ. ಎರಕದ ಸತುವು ಬಾಗದೆ ಒಮ್ಮೆಗೇ ಮುರಿಯುತ್ತದೆ. ಅಯಸ್ಕಾಂತ ಇಟ್ಟು ನೋಡಿದರೆ ಗೊತ್ತಾಗುವುದಿಲ್ಲ, ಸತುವಿಗೂ ಹಿತ್ತಾಳೆಗೂ ಎರಡಕ್ಕೂ ಅದು ಅಂಟದು. ಕುದುರೆ ಸಾಮಾನು ಮಾರುವವರಲ್ಲಿ ಲೋಹ ಯಾವುದೆಂದು ಕೇಳಿ, ಬರೆದು ಕೊಟ್ಟರೆ ಮಾತ್ರ ತನ್ನಿ.

ಊರಿನಿಂದ ಚರ್ಮ ತರುವ ಮಾತು. ನಮ್ಮ ಕಡೆ ಚರ್ಮ ಹದ ಮಾಡುವ ವಿದ್ಯೆ ಹಳೆಯದು, ದೊಡ್ಡದು. ಆವರಿಕೆ ತೊಗಟೆ, ಅಳಲೆಕಾಯಿಯಲ್ಲಿ ಹದ ಮಾಡಿದ ತಮಿಳುನಾಡಿನ ಕುರಿ, ಮೇಕೆ ಚರ್ಮ ಹಿಂದಿನಿಂದಲೂ ಹೊರದೇಶಕ್ಕೆ ಹೋಗುತ್ತಿತ್ತು. ಕಾನ್ಪುರದ ಜೀನಿನ ಕೆಲಸಕ್ಕೆ ಭೌಗೋಳಿಕ ಗುರುತು (ಜಿ.ಐ. ಟ್ಯಾಗ್) ಸಿಕ್ಕಿದೆ. ಕೊಲ್ಹಾಪುರಿ ಚಪ್ಪಲಿಯ ಗುರುತಿನಲ್ಲಿ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಸೇರಿವೆ. ನನ್ನ ತಾತನ ಮನೆಯ ನೊಗಕ್ಕೆ ಕಟ್ಟುತ್ತಿದ್ದ ತೊಗಲ ಮಿಣಿ ಎರಡು ತಲೆಮಾರು ಬಂದಿತ್ತು. ಆದರೆ ಸೂಟ್‌ಕೇಸಿನಲ್ಲಿ ತರುವುದಾದರೆ ತೆಳು ಮೇಕೆ ಚರ್ಮ ತನ್ನಿ, ಬ್ಯಾಗಿನ ಒಳಪದರಕ್ಕೆ ಬಹಳ ಚೆನ್ನಾಗಿರುತ್ತದೆ. ಪಟ್ಟಿಗೆ ಬೇಕಾದ ದಪ್ಪ ಚರ್ಮವನ್ನು ಇಲ್ಲೇ, ಬೆನ್ನಿನ ಗೆರೆಯಲ್ಲಿ ಉದ್ದಕ್ಕೆ ಸೀಳಿದ ಅರ್ಧ ತೊಗಲನ್ನು ಹಾಸಿ, ಆ ಗೆರೆ ಕಣ್ಣಾರೆ ನೋಡಿ ಕೊಳ್ಳಿ. ಮಡಚಿ ತಂದ ತುಂಡಿನಲ್ಲಿ ಅದು ಯಾವ ಭಾಗದ್ದೆಂದು ಹೇಳುವುದು ಕಷ್ಟ.

ಮಾಡಿದ ಸಾಮಾನಿಗೆ ನೀಟ್ಸ್‌ಫುಟ್ ಎಣ್ಣೆಯನ್ನು, ಅಂದರೆ ದನದ ಕಾಲಿನ ಮೂಳೆಯಿಂದ ತೆಗೆದ ಎಣ್ಣೆಯನ್ನು, ಬಟ್ಟೆಯಲ್ಲಿ ತೆಳುವಾಗಿ ಒರೆಸಿ, ಒಂದು ರಾತ್ರಿ ಬಿಡಿ, ಬೇಕೆನಿಸಿದರೆ ಮತ್ತೊಮ್ಮೆ. ತೋಯುವಷ್ಟು ಹಾಕಿದರೆ ಪಟ್ಟಿ ಮೆತ್ತಗಾಗಿ ಹಿಗ್ಗುತ್ತದೆ. ಸವಾರಿಯ ನಂತರ ಬೆವರನ್ನು ಒದ್ದೆ ಬಟ್ಟೆಯಲ್ಲಿ ಒರೆಸುವುದು ಎಣ್ಣೆಗಿಂತ ದೊಡ್ಡ ಆರೈಕೆ. ಚರ್ಮವನ್ನು ಕೊಲ್ಲುವುದು ಬೆವರಿನ ಉಪ್ಪು. ಒಣಗಿಸುವುದು ನೆರಳಲ್ಲೇ.

ಹೊಸ ಪಟ್ಟಿ ಹಾಕಿದ ಮೊದಲ ದಿನ ಮಗಳನ್ನು ಕೂರಿಸಬೇಡಿ. ಎಲ್ಲ ಕಟ್ಟಿ ಕುದುರೆಯನ್ನು ಕೈಯಲ್ಲಿ ಹಿಡಿದು ಹತ್ತು ನಿಮಿಷ ನಡೆಸಿ. ನಿಲ್ಲಿಸಿ, ಪ್ರತಿ ಬಕಲ್, ಪ್ರತಿ ಗಂಟು ಮುಟ್ಟಿ ನೋಡಿ. ಹೊಸ ಚರ್ಮ ಮೊದಲ ಸಲ ಸ್ವಲ್ಪ ಸಡಿಲವಾಗುತ್ತದೆ, ಮತ್ತೆ ಬಿಗಿಯಿರಿ. ಹಗುರ ಓಟದಲ್ಲಿ ಇನ್ನೊಂದು ಸುತ್ತು ಹಾಕಿಸಿ. ಆಮೇಲೆ ಜೀನು ಇಳಿಸಿ, ಪಟ್ಟಿ ತಾಗಿದ ಕಡೆಗೆಲ್ಲ ಕೂದಲಿನ ಎದುರು ದಿಕ್ಕಿಗೆ ಕೈಯಾಡಿಸಿ. ಬೆವರಿನ ಗುರುತು ಎರಡೂ ಬದಿಯಲ್ಲಿ ಒಂದೇ ಥರ ಇದ್ದು, ಎಲ್ಲೂ ಕೂದಲು ಮುರಿದಿಲ್ಲ, ಕುದುರೆ ಮೈ ಸೆಳೆದುಕೊಳ್ಳಲಿಲ್ಲ ಎಂದಾದರೆ ಮರುದಿನ ಅವಳು ಹತ್ತಬಹುದು.